ಗೆರೆ ಉಳಿಯಿತು, ಬೇಲಿ ಹೋಯಿತು: ಯುರೋಪಿನ ಏಕೀಕರಣವೂ ಅದರ ತೊಡಕುಗಳೂ

‘ಏಕೀಕರಣ’ ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಆದರೆ ಆ ಪದ ಧಾರವಾಡದಲ್ಲಿ ಕೇಳಿಸುವ ಬಗೆ ಒಂದು, ಕಾಸರಗೋಡಿನಲ್ಲಿಯೋ ಅಕ್ಕಲಕೋಟೆಯಲ್ಲಿಯೋ ಕೇಳಿಸುವ ಬಗೆ ಇನ್ನೊಂದು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಬದಲಾದವು. ನಾವು ಗೆರೆಯ ಈಚೆಗೆ ಉಳಿದೆವು. ಅದಾಗಿ ಐದು ತಿಂಗಳು ತುಂಬುವ ಮೊದಲೇ, 1957ರ ಮಾರ್ಚ್ 25ರಂದು, ರೋಮ್ ನಗರದಲ್ಲಿ ಆರು ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದನ್ನೂ ಏಕೀಕರಣವೆಂದೇ ಕರೆಯುತ್ತಾರೆ. ಆದರೆ ಆ ಒಪ್ಪಂದ ಒಂದು ಗಡಿಯನ್ನೂ ಅಳಿಸಲಿಲ್ಲ, ಒಂದು ಹಳ್ಳಿಯನ್ನೂ ಒಂದು ರಾಷ್ಟ್ರದಿಂದ ಇನ್ನೊಂದಕ್ಕೆ ದಾಟಿಸಲಿಲ್ಲ. ಗೆರೆಗಳನ್ನು ಇದ್ದಲ್ಲಿಯೇ ಬಿಟ್ಟು, ಅವುಗಳ ಭಾರವನ್ನು ಮಾತ್ರ ಇಳಿಸಲು ಹೊರಟ ಏಕೀಕರಣ ಅದು.

ಪ್ರೌಢಶಾಲೆಯ ಮಕ್ಕಳು ಯುರೋಪಿಯನ್ ಒಕ್ಕೂಟವನ್ನು ಮೂರು ಉತ್ತರಗಳಾಗಿ ಬಾಯಿಪಾಠ ಮಾಡುತ್ತಾರೆ: ಸದಸ್ಯ ರಾಷ್ಟ್ರಗಳು 27, ಕೇಂದ್ರಸ್ಥಾನ ಬ್ರಸೆಲ್ಸ್, ನಾಣ್ಯ ಯೂರೊ. ಪರೀಕ್ಷೆಗೆ ಅಷ್ಟು ಸಾಕು. ಗಡಿಯಲ್ಲಿ ಬದುಕುವ ಕುಟುಂಬಗಳ ಮಕ್ಕಳಿಗೆ ಅದರಾಚೆಗೂ ತಿಳಿಯಬೇಕಾದದ್ದಿದೆ ಎಂಬುದು ನಮ್ಮ ಅನಿಸಿಕೆ. ಆದ್ದರಿಂದ ಈ ಲೇಖನ ತುಸು ದೀರ್ಘವಾಗಿದೆ. ಹಿರಿಯರು ಓದಿ ಮಕ್ಕಳಿಗೆ ಹೇಳಿದರೂ ಆದೀತು.

ಗಡಿಯವರು ಕಟ್ಟಿದ ಮನೆ

ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಅಲ್ಸಾಸ್ ಎಂಬ ಪ್ರಾಂತವಿದೆ. 1871ರಲ್ಲಿ ಅದು ಜರ್ಮನಿಯ ವಶವಾಯಿತು, 1918ರಲ್ಲಿ ಫ್ರಾನ್ಸಿನದಾಯಿತು, 1940ರಲ್ಲಿ ಪುನಃ ಜರ್ಮನಿಯದು, ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸಿನದು. ಎಪ್ಪತ್ತೈದು ವರ್ಷಗಳೊಳಗೆ ನಾಲ್ಕು ಬಾರಿ ಬಾವುಟ ಬದಲಾಯಿತು. ಬಾವುಟದೊಂದಿಗೆ ಪ್ರತಿಬಾರಿಯೂ ಶಾಲೆಯ ಭಾಷೆ ಬದಲಾಯಿತು. ಅಜ್ಜ ಒಂದು ಭಾಷೆಯಲ್ಲಿ ಅಕ್ಷರ ಕಲಿತರೆ ಮೊಮ್ಮಗ ಇನ್ನೊಂದರಲ್ಲಿ ಕಲಿತ. ಅದರ ಪಕ್ಕದ ಲೊರೇನ್ ಪ್ರಾಂತದ ಬಹುಭಾಗದ ಅವಸ್ಥೆಯೂ ಇದೇ.

ಆ ಲೊರೇನ್ ಮೂಲದ ತಂದೆಗೆ 1886ರಲ್ಲಿ ಲಕ್ಸೆಂಬರ್ಗಿನಲ್ಲಿ ಹುಟ್ಟಿದವರು ರಾಬರ್ಟ್ ಶುಮಾನ್. ಹುಟ್ಟಿನಿಂದ ಅವರು ಜರ್ಮನ್ ಪ್ರಜೆ. ಓದಿದ್ದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ. ಮೊದಲನೆಯ ಮಹಾಯುದ್ಧದ ನಂತರ ಊರು ಫ್ರಾನ್ಸಿಗೆ ಸೇರಿದಾಗ ಅವರೂ ಫ್ರೆಂಚ್ ಪ್ರಜೆಯಾದರು, ಮುಂದೆ ಫ್ರಾನ್ಸಿನ ವಿದೇಶಾಂಗ ಸಚಿವರಾದರು. ಇಟಲಿಯ ಪ್ರಧಾನಿಯಾಗಿದ್ದ ಆಲ್ಚಿದೆ ದೆ ಗಾಸ್ಪೆರಿ ಹುಟ್ಟಿದ್ದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ತ್ರೆಂತಿನೊ ಪ್ರಾಂತದಲ್ಲಿ. ಇಟಾಲಿಯನ್ ಭಾಷಾ ಅಲ್ಪಸಂಖ್ಯಾತರ ಪ್ರತಿನಿಧಿಯಾಗಿ ಅವರು ವಿಯೆನ್ನಾದ ಸಂಸತ್ತಿನಲ್ಲಿ ಕುಳಿತಿದ್ದವರು. ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಆಡೆನೌರ್ ರೈನ್ ನದಿಯ ದಂಡೆಯ ಕಲೋನ್ ನಗರದವರು. ಮೂರು ಬೇರೆ ಬೇರೆ ರಾಷ್ಟ್ರಗಳ ಈ ನಾಯಕರು ತಮ್ಮ ತಮ್ಮೊಳಗೆ ಜರ್ಮನ್ ಭಾಷೆಯಲ್ಲಿ ಮಾತನಾಡಬಲ್ಲವರಾಗಿದ್ದರು. ಯುರೋಪಿನ ಏಕೀಕರಣದ ಮೊದಲ ಇಟ್ಟಿಗೆ ಇಟ್ಟವರು ರಾಜಧಾನಿಗಳ ನಡುವೆ ಬೆಳೆದವರಲ್ಲ, ಗಡಿಯ ಪೆಟ್ಟು ತಿಂದವರು ಎಂಬುದನ್ನು ಪಠ್ಯಪುಸ್ತಕಗಳು ಅಪರೂಪಕ್ಕೆ ಹೇಳುತ್ತವೆ.

1950ರ ಮೇ 9ರಂದು ಶುಮಾನ್ ಒಂದು ಘೋಷಣೆ ಮಾಡಿದರು. ಅದರ ಕರಡನ್ನು ಸಿದ್ಧಪಡಿಸಿದವರು ಜಾಂ ಮೊನೆ ಎಂಬ ಯೋಜನಾ ತಜ್ಞರು. ಫ್ರಾನ್ಸ್ ಮತ್ತು ಜರ್ಮನಿಗಳ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಎರಡು ಸರ್ಕಾರಗಳಿಗೂ ಮೇಲಾದ ಒಂದು ಪ್ರಾಧಿಕಾರದ ಕೈಗೆ ಒಪ್ಪಿಸಬೇಕೆಂಬುದು ಅದರ ತಿರುಳು. ಕಲ್ಲಿದ್ದಲು ಮತ್ತು ಉಕ್ಕು ಇಲ್ಲದೆ ತೋಪು ಇಲ್ಲ, ಟ್ಯಾಂಕ್ ಇಲ್ಲ. ಇಬ್ಬರ ಕುಲುಮೆಗೂ ಬೀಗದ ಕೈ ಒಂದೇ ಆದರೆ ಒಬ್ಬರ ಮೇಲೊಬ್ಬರು ಗುಟ್ಟಾಗಿ ಯುದ್ಧ ಸನ್ನಾಹ ಮಾಡಲಾಗದು. 1951ರ ಏಪ್ರಿಲ್ 18ರಂದು ಪ್ಯಾರಿಸಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಈ ಒಪ್ಪಂದಕ್ಕೆ ಸಹಿ ಹಾಕಿದವು. ಮೂರು ವರ್ಷಗಳ ತರುವಾಯ ಸಾಮೂಹಿಕ ಸೈನ್ಯವೊಂದನ್ನು ಕಟ್ಟುವ ಯೋಜನೆ ಫ್ರಾನ್ಸಿನ ಸಂಸತ್ತಿನಲ್ಲಿಯೇ ಬಿದ್ದುಹೋಯಿತು. ರಾಜಕೀಯದ ಹೆಬ್ಬಾಗಿಲು ಮುಚ್ಚಿದ್ದರಿಂದ ವ್ಯಾಪಾರದ ಹಿತ್ತಲ ಬಾಗಿಲಿನಿಂದ ಒಳಹೋಗುವ ನಿರ್ಧಾರವಾಯಿತು. ರೋಮ್ ಒಪ್ಪಂದದ ಹಿನ್ನೆಲೆ ಅದು. ಆರ್ಥಿಕತೆ ಮುಂದೆ, ರಾಜಕೀಯ ಹಿಂದೆ ಎಂಬ ಈ ನಡಿಗೆಯೇ ಇಂದಿನ ಅನೇಕ ತೊಡಕುಗಳ ಬೇರು.

ಮಾರುಕಟ್ಟೆಯೂ ನ್ಯಾಯಾಲಯವೂ

1968ರ ಜುಲೈ ವೇಳೆಗೆ ಆರು ರಾಷ್ಟ್ರಗಳ ನಡುವಣ ಆಮದು ಸುಂಕಗಳು ಹೋದವು. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಸೇರಿದವು. ಸರ್ವಾಧಿಕಾರಗಳಿಂದ ಬಿಡುಗಡೆಗೊಂಡ ಗ್ರೀಸ್ 1981ರಲ್ಲಿ, ಸ್ಪೇನ್ ಮತ್ತು ಪೋರ್ಚುಗಲ್ 1986ರಲ್ಲಿ ಬಂದವು. 1992ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಲ್ಲಿ ಸಹಿಯಾದ ಒಪ್ಪಂದದಿಂದ ‘ಯುರೋಪಿಯನ್ ಒಕ್ಕೂಟ’ ಎಂಬ ಹೆಸರು ಬಂತು. 1993ರ ಜನವರಿಯಿಂದ ಸರಕು, ಸೇವೆ, ಬಂಡವಾಳ, ದುಡಿಯುವ ಜನ ಈ ನಾಲ್ಕೂ ಒಳಗಡಿಗಳನ್ನು ದಾಟಲು ಸ್ವತಂತ್ರವಾದವು. 2004ರಲ್ಲಿ ಒಮ್ಮೆಗೇ ಹತ್ತು ರಾಷ್ಟ್ರಗಳು ಸೇರಿದವು. ಅವುಗಳಲ್ಲಿ ಎಂಟು ಹಿಂದೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದಂಥವು.

ಆಡಳಿತದ ರಚನೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಕಾನೂನಿನ ಕರಡನ್ನು ಮುಂದಿಡುವುದು ಯುರೋಪಿಯನ್ ಆಯೋಗ. ಅದನ್ನು ಅಂಗೀಕರಿಸುವವರು ಸದಸ್ಯ ರಾಷ್ಟ್ರಗಳ ಸಚಿವರು ಕೂಡುವ ಮಂಡಳಿ ಹಾಗೂ 1979ರಿಂದ ಜನರೇ ನೇರವಾಗಿ ಆರಿಸುತ್ತಿರುವ ಸಂಸತ್ತು. ಹೆಚ್ಚಿನ ವಿಷಯಗಳಲ್ಲಿ ಶೇಕಡಾ 55ರಷ್ಟು ರಾಷ್ಟ್ರಗಳೂ ಆ ರಾಷ್ಟ್ರಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇಕಡಾ 65 ಭಾಗವೂ ಇದ್ದರೆ ಮಂಡಳಿಯಲ್ಲಿ ತೀರ್ಮಾನವಾಗುತ್ತದೆ. ಆದರೆ ತೆರಿಗೆ, ವಿದೇಶಾಂಗ ನೀತಿ, ಹೊಸ ಸದಸ್ಯರ ಸೇರ್ಪಡೆ, ಅಧಿಕೃತ ಭಾಷೆಗಳು ಇಂಥವುಗಳಿಗೆ ಸರ್ವಾನುಮತವೇ ಬೇಕು. ಒಬ್ಬ ಸಚಿವ ತಲೆಯಾಡಿಸದಿದ್ದರೆ ಕೆಲಸ ನಿಂತಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಭಾಷೆಯ ವಿಚಾರಕ್ಕೆ ಬಂದಾಗ ಇದು ಪುನಃ ಎದುರಾಗುತ್ತದೆ.

ಇವೆಲ್ಲಕ್ಕೂ ಬಲ ತಂದದ್ದು ಲಕ್ಸೆಂಬರ್ಗಿನಲ್ಲಿರುವ ನ್ಯಾಯಾಲಯ. ಮಿಲಾನ್ ನಗರದ ಕೋಸ್ತಾ ಎಂಬ ವಕೀಲರೊಬ್ಬರು ಎರಡು ಸಾವಿರ ಲೀರಾಕ್ಕೂ ಕಡಿಮೆ ಮೊತ್ತದ ವಿದ್ಯುತ್ ಬಿಲ್ಲನ್ನು ಪಾವತಿಸಲು ಒಪ್ಪದೆ, ವಿದ್ಯುತ್ ಕಂಪೆನಿಗಳ ರಾಷ್ಟ್ರೀಕರಣವನ್ನೇ ಪ್ರಶ್ನಿಸಿದರು. ಆ ಪ್ರಕರಣದಲ್ಲಿ ನ್ಯಾಯಾಲಯ 1964ರಲ್ಲಿ ಹೇಳಿದ ಮಾತು ದೂರ ಹೋಯಿತು: ಸಮುದಾಯದ ಕಾನೂನಿಗೂ ಸದಸ್ಯ ರಾಷ್ಟ್ರದ ಕಾನೂನಿಗೂ ಘರ್ಷಣೆಯಾದರೆ ಸಮುದಾಯದ ಕಾನೂನೇ ಮೇಲು. ಒಂದು ಸಣ್ಣ ಬಿಲ್ಲಿನ ತಕರಾರಿನಿಂದ ಇಂಥ ತತ್ವ ಹುಟ್ಟಿತೆಂದರೆ, ಅರ್ಜಿ ಬರೆಯುವ ಅಭ್ಯಾಸವಿರುವ ನಮ್ಮಂಥವರಿಗೆ ಅದರಲ್ಲಿ ತುಸು ಸಮಾಧಾನವಿದೆ.

ಒಂದು ಚೌಕದ ಚರಿತ್ರೆ

ಒಳಗಡಿಗಳ ಮೇಲಿನ ತಪಾಸಣೆಯನ್ನು ತೆಗೆಯುವ ಒಪ್ಪಂದಕ್ಕೆ ಐದು ರಾಷ್ಟ್ರಗಳು 1985ರ ಜೂನ್ 14ರಂದು ಮೊಸೆಲ್ ನದಿಯಲ್ಲಿ ನಿಂತಿದ್ದ ದೋಣಿಯೊಂದರ ಮೇಲೆ ಸಹಿ ಹಾಕಿದವು. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಕೂಡುವ ಆ ಎಡೆಯ ಹಳ್ಳಿಯ ಹೆಸರು ಶೆಂಗೆನ್. 1995ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಇಂದು 29 ರಾಷ್ಟ್ರಗಳಿವೆ. ಸ್ವಿಟ್ಜರ್ಲೆಂಡ್, ನಾರ್ವೆ ಒಕ್ಕೂಟದ ಸದಸ್ಯರಲ್ಲದಿದ್ದರೂ ಇದರಲ್ಲಿವೆ. ಐರ್ಲೆಂಡ್ ಸದಸ್ಯನಾದರೂ ಇದರಲ್ಲಿಲ್ಲ.

ಇದರಿಂದ ಏನಾಯಿತೆಂದು ತಿಳಿಯಲು ಒಂದು ಊರನ್ನು ನೋಡಿದರೆ ಸಾಕು. ಇಟಲಿಯ ಈಶಾನ್ಯ ಮೂಲೆಯಲ್ಲಿ ಗೊರಿತ್ಸಿಯ ಎಂಬ ಪಟ್ಟಣವಿದೆ. ಇಟಾಲಿಯನ್, ಸ್ಲೊವೀನ್, ಫ್ರಿಯುಲಿಯನ್, ಜರ್ಮನ್ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ಊರದು. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಇಟಲಿ ಮತ್ತು ಯುಗೊಸ್ಲಾವಿಯಗಳ ನಡುವೆ ಹೊಸ ಗೆರೆ ಎಳೆದಾಗ ಪಟ್ಟಣ ಇಟಲಿಗೆ ಉಳಿಯಿತು, ಅದರ ರೈಲು ನಿಲ್ದಾಣ ಯುಗೊಸ್ಲಾವಿಯಕ್ಕೆ ಹೋಯಿತು. ನಿಲ್ದಾಣದ ಎದುರಿನ ಚೌಕದ ನಡುವೆ ಗೆರೆ ಹಾದುಹೋಯಿತು. ಸಮೀಪದ ಮಿರೆನ್ ಹಳ್ಳಿಯ ಸ್ಮಶಾನವೂ ಎರಡಾಯಿತು. ಮಣ್ಣಾದವರೂ ಎರಡು ದೇಶಗಳ ಪಾಲಾದರು. ಪೇಟೆ ಕಳೆದುಕೊಂಡ ಸ್ಲೊವೀನರಿಗಾಗಿ ಯುಗೊಸ್ಲಾವಿಯ 1948ರಲ್ಲಿ ಗೆರೆಗೆ ತಾಗಿಕೊಂಡೇ ನೋವಾ ಗೊರಿತ್ಸ, ಎಂದರೆ ‘ಹೊಸ ಗೊರಿತ್ಸ’ ಎಂಬ ಊರನ್ನು ಕಟ್ಟತೊಡಗಿತು.

2004ರ ಮೇ 1ರಂದು ಸ್ಲೊವೇನಿಯ ಒಕ್ಕೂಟವನ್ನು ಸೇರಿತು. ಆ ವರ್ಷವೇ ಚೌಕದ ಬೇಲಿಯನ್ನು ಕಿತ್ತರು. ಬೇಲಿ ಇದ್ದಲ್ಲಿ ನೆಲದ ಮೇಲೆ ಒಂದು ವೃತ್ತಾಕಾರದ ಫಲಕವಿದೆ. 2007ರಲ್ಲಿ ಸ್ಲೊವೇನಿಯ ಯೂರೊ ನಾಣ್ಯವನ್ನು ಸ್ವೀಕರಿಸಿತು, ಅದೇ ಡಿಸೆಂಬರಿನಲ್ಲಿ ಶೆಂಗೆನ್ ವ್ಯವಸ್ಥೆಗೆ ಸೇರಿತು. 2011ರಲ್ಲಿ ಗೆರೆಯ ಎರಡೂ ಬದಿಯ ಮೂರು ಪುರಸಭೆಗಳು ಸೇರಿ ಒಂದು ಜಂಟಿ ಸಂಸ್ಥೆಯನ್ನು ಸ್ಥಾಪಿಸಿಕೊಂಡವು; ಗಡಿಯಾಚೆಯ ಸ್ಥಳೀಯ ಸಂಸ್ಥೆಯೊಂದಿಗೆ ಹೀಗೆ ಕಾನೂನುಬದ್ಧವಾಗಿ ಕೈಜೋಡಿಸಲು 2006ರ ಒಕ್ಕೂಟದ ನಿಯಮವೊಂದು ಅವಕಾಶ ಕೊಡುತ್ತದೆ. 2025ರಲ್ಲಿ ಎರಡೂ ಊರುಗಳು ಒಟ್ಟಾಗಿ ‘ಯುರೋಪಿನ ಸಾಂಸ್ಕೃತಿಕ ರಾಜಧಾನಿ’ ಎಂಬ ಗೌರವವನ್ನು ಪಡೆದವು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಬಲು ಚೆನ್ನ. ಆದರೆ 2020ರ ಮಾರ್ಚಿನಲ್ಲಿ ಕೊರೊನಾ ಹರಡಿದಾಗ ಅದೇ ಚೌಕದ ನಡುವೆ ರಾತ್ರಿ ಬೆಳಗಾಗುವುದರೊಳಗೆ ಬೇಲಿ ಮತ್ತೆ ಎದ್ದಿತು. ಆ ತಿಂಗಳುಗಳಲ್ಲಿ ತಲಪಾಡಿಯ ರಸ್ತೆಯ ಮೇಲೆ ಮಣ್ಣಿನ ರಾಶಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಸ್ಪತ್ರೆ ಆಚೆ, ರೋಗಿ ಈಚೆ ಎಂಬ ಸ್ಥಿತಿ ದೇಶದೊಳಗಿನ ಗಡಿಯಲ್ಲೂ ಬರಬಹುದು, ದೇಶಗಳ ನಡುವಣ ಗಡಿಯಲ್ಲೂ ಬರಬಹುದು. ಬೇಸಗೆಯಲ್ಲಿ ಆ ಬೇಲಿ ಹೋಯಿತು. 2023ರ ಅಕ್ಟೋಬರಿನಲ್ಲಿ, ಭದ್ರತೆಯ ಕಾರಣ ನೀಡಿ, ಸ್ಲೊವೇನಿಯದ ಗಡಿಯಲ್ಲಿ ಇಟಲಿ ತಪಾಸಣೆಯನ್ನು ಪುನಃ ಆರಂಭಿಸಿತು. ವಲಸೆ ಬರುವವರ ಭಯದಿಂದ 2015ರ ನಂತರ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಮೊದಲಾದವು ‘ತಾತ್ಕಾಲಿಕ’ ತಪಾಸಣೆಗಳನ್ನು ಆರಂಭಿಸಿ, ಅವಧಿ ಮುಗಿದಂತೆಲ್ಲ ನವೀಕರಿಸುತ್ತ ಬಂದಿವೆ. ಹೊರಗಡಿ ಎಲ್ಲರಿಗೂ ಸೇರಿದ್ದು, ಆದರೆ ಅದನ್ನು ಕಾಯುವ ಹೊರೆ ಗ್ರೀಸ್, ಇಟಲಿಗಳಂಥ ಅಂಚಿನ ರಾಷ್ಟ್ರಗಳದ್ದು. ಆ ಹೊರೆಯನ್ನು ಹಂಚಿಕೊಳ್ಳುವ ಬಗೆಯನ್ನು ಕುರಿತ ಜಗಳ ತೀರದಿರುವುದೇ ಇದಕ್ಕೆ ಮುಖ್ಯ ಕಾರಣ.

ನಾಣ್ಯ ಒಂದು, ಖಜಾನೆ ಹಲವು

ಯೂರೊ 1999ರ ಜನವರಿ 1ರಂದು ಲೆಕ್ಕದ ಪುಸ್ತಕಗಳಲ್ಲಿ ಹುಟ್ಟಿ, 2002ರ ಜನವರಿ 1ರಂದು ಜನರ ಕೈಗೆ ಬಂತು. 2026ರ ಜನವರಿಯಲ್ಲಿ ಬಲ್ಗೇರಿಯ ಅದನ್ನು ಸ್ವೀಕರಿಸಿದ 21ನೆಯ ರಾಷ್ಟ್ರವಾಯಿತು. ಸೇರಬಯಸುವ ರಾಷ್ಟ್ರದ ವಾರ್ಷಿಕ ಕೊರತೆ ಒಟ್ಟು ಉತ್ಪನ್ನದ ಶೇಕಡಾ 3ನ್ನೂ ಸಾಲ ಶೇಕಡಾ 60ನ್ನೂ ಮೀರಬಾರದೆಂದು ಮಾಸ್ಟ್ರಿಕ್ಟ್ ಒಪ್ಪಂದ ಮಿತಿ ಹಾಕಿತ್ತು. ಮಿತಿಯನ್ನು ಪಾಲಿಸಿದವರಿಗಿಂತ ಮೀರಿದವರೇ ಹೆಚ್ಚೆಂದು ಹೇಳಿದರೆ ತಪ್ಪಾಗದು.

ಒಂದು ನಾಣ್ಯ ಎಂದರೆ ಬಡ್ಡಿದರವೂ ಒಂದು. ಫ್ರಾಂಕ್‌ಫರ್ಟಿನ ಕೇಂದ್ರೀಯ ಬ್ಯಾಂಕು ನಿಗದಿಪಡಿಸುವ ದರ ಜರ್ಮನಿಗೆ ಒಪ್ಪಬಹುದು, ಸ್ಪೇನಿಗೆ ಒಪ್ಪದಿರಬಹುದು. ಯೂರೊ ಬಂದ ಮೊದಲ ವರ್ಷಗಳಲ್ಲಿ ದಕ್ಷಿಣದ ರಾಷ್ಟ್ರಗಳಿಗೆ ಹಿಂದೆಂದೂ ಕಾಣದಷ್ಟು ಅಗ್ಗದ ಸಾಲ ದೊರೆಯಿತು; ಜರ್ಮನಿ, ಫ್ರಾನ್ಸಿನ ಬ್ಯಾಂಕುಗಳು ಧಾರಾಳವಾಗಿ ಕೊಟ್ಟವು. ಸ್ಪೇನ್ ಮತ್ತು ಐರ್ಲೆಂಡಿನಲ್ಲಿ ಆ ಹಣ ಮನೆ ಕಟ್ಟುವ ಹುಚ್ಚಿಗೆ ಹೋಯಿತು. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ದಕ್ಷಿಣದವರು ದುಂದುಗಾರರು, ಆದ್ದರಿಂದ ಮುಳುಗಿದರು ಎಂಬ ಮಾತು ಅಂದಿನ ಪತ್ರಿಕೆಗಳಲ್ಲಿ ಧಾರಾಳವಾಗಿ ಬಂತು. ಗ್ರೀಸಿನ ಮಟ್ಟಿಗೆ ಅದರಲ್ಲಿ ಸತ್ಯಾಂಶವಿದೆ. ಆದರೆ ಬಿಕ್ಕಟ್ಟಿನ ಮುಂಚಿನ 2007ರಲ್ಲಿ ಸ್ಪೇನ್ ಮತ್ತು ಐರ್ಲೆಂಡ್ ಸರ್ಕಾರಗಳ ಸಾಲ ಉತ್ಪನ್ನದ ಶೇಕಡಾ 40ಕ್ಕಿಂತ ಕಡಿಮೆಯಿತ್ತು. ಜರ್ಮನಿಯ ಸಾಲ ಅದಕ್ಕಿಂತ ಹೆಚ್ಚಿತ್ತು. ಮುಳುಗಿದ್ದು ಬ್ಯಾಂಕುಗಳು, ಅವನ್ನು ಎತ್ತಲು ಹೋಗಿ ಸರ್ಕಾರಗಳು ಮುಳುಗಿದವು.

2009ರ ಅಕ್ಟೋಬರಿನಲ್ಲಿ ಗ್ರೀಸಿನ ಹೊಸ ಸರ್ಕಾರ, ಹಿಂದಿನ ಲೆಕ್ಕ ಸುಳ್ಳು, ಕೊರತೆ ತೋರಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚೆಂದು ಬಹಿರಂಗಪಡಿಸಿತು. ಸಾಲ ಕೊಡುವವರು ಹಿಂಜರಿದರು. ತನ್ನದೇ ನಾಣ್ಯವಿದ್ದಿದ್ದರೆ ಅದರ ಬೆಲೆ ಇಳಿಸಿ ರಫ್ತನ್ನು ಹೆಚ್ಚಿಸಿಕೊಳ್ಳುವ ದಾರಿ ಗ್ರೀಸಿಗೆ ಇರುತ್ತಿತ್ತು. ಯೂರೊದಲ್ಲಿ ಆ ದಾರಿ ಇಲ್ಲ. ನಮ್ಮ ದೇಶದಲ್ಲಿಯೂ ಎಲ್ಲ ರಾಜ್ಯಗಳಿಗೆ ರೂಪಾಯಿ ಒಂದೇ, ಆದರೆ ಕೇಂದ್ರದ ತೆರಿಗೆಯ ಪಾಲನ್ನು ರಾಜ್ಯಗಳಿಗೆ ಹಂಚಲು ಹಣಕಾಸು ಆಯೋಗವಿದೆ. ಹಂಚಿಕೆಯ ಬಗ್ಗೆ ಜಗಳವಿದ್ದರೂ ಹಂಚಿಕೆ ಎಂಬುದೊಂದಿದೆ. ಯುರೋಪಿಯನ್ ಒಕ್ಕೂಟದ ಆಯವ್ಯಯವಾದರೋ ಸದಸ್ಯರ ಒಟ್ಟು ಆದಾಯದ ಶೇಕಡಾ 1ರ ಆಸುಪಾಸು. ಅದರಿಂದ ಮುಳುಗುವ ರಾಷ್ಟ್ರವನ್ನು ಎತ್ತಲಾಗದು.

2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೊ ಸಾಲ ಮಂಜೂರಾಯಿತು. ಪ್ರತಿಯಾಗಿ ಪಿಂಚಣಿ, ಸಂಬಳಗಳನ್ನು ಕಡಿಯಬೇಕು, ತೆರಿಗೆ ಏರಿಸಬೇಕು. ಗ್ರೀಸಿನ ಆರ್ಥಿಕತೆ ಕೆಲವೇ ವರ್ಷಗಳಲ್ಲಿ ಸುಮಾರು ಕಾಲು ಭಾಗ ಕುಗ್ಗಿತು. 2013ರಲ್ಲಿ ನಿರುದ್ಯೋಗ ಶೇಕಡಾ 27ನ್ನು ದಾಟಿತು, ಯುವಜನರಲ್ಲಿ ಅರ್ಧಕ್ಕಿಂತ ಹೆಚ್ಚು. 2015ರ ಜುಲೈ 5ರ ಜನಮತ ಸಂಗ್ರಹದಲ್ಲಿ ಶೇಕಡಾ 61 ಮಂದಿ ಸಾಲದಾತರ ಷರತ್ತುಗಳನ್ನು ತಿರಸ್ಕರಿಸಿದರು. ಒಂದೇ ವಾರದಲ್ಲಿ ಅವರ ಸರ್ಕಾರ ಹೆಚ್ಚುಕಡಿಮೆ ಅಂಥವೇ ಷರತ್ತುಗಳನ್ನು ಒಪ್ಪಬೇಕಾಯಿತು. ಮತ ಹಾಕುವವರು ಅಥೆನ್ಸಿನಲ್ಲಿ, ತೀರ್ಮಾನ ಮಾಡುವವರು ಬೇರೆಲ್ಲೋ ಎಂಬ ಭಾವನೆ ಅಂದು ಗ್ರೀಸಿನ ಆಚೆಗೂ ಹರಡಿತು. ಒಕ್ಕೂಟದ ಪ್ರಜಾಸತ್ತಾತ್ಮಕ ಕೊರತೆ ಎಂದು ವಿದ್ವಾಂಸರು ಕರೆಯುವುದು ಇದನ್ನೇ.

ಪಾಠ ಕಲಿಯಲಿಲ್ಲವೆಂದಲ್ಲ. 2012ರಲ್ಲಿ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷ ಮಾರಿಯೊ ದ್ರಾಗಿ ಯೂರೊವನ್ನು ಉಳಿಸಲು ಏನನ್ನಾದರೂ ಮಾಡಲು ಸಿದ್ಧವೆಂದು ಸಾರಿದ ಮೇಲೆ ಮಾರುಕಟ್ಟೆ ಶಾಂತವಾಯಿತು. 2020ರಲ್ಲಿ, ಕೊರೊನಾ ಕಾಲದಲ್ಲಿ, 75,000 ಕೋಟಿ ಯೂರೊದ ಪುನಶ್ಚೇತನ ನಿಧಿಗಾಗಿ 27 ರಾಷ್ಟ್ರಗಳು ಒಟ್ಟಾಗಿ ಸಾಲ ಎತ್ತಲು ಒಪ್ಪಿದವು. ಹತ್ತು ವರ್ಷಗಳ ಹಿಂದೆ ಜರ್ಮನಿ ಕೇಳಲೂ ಒಲ್ಲದಿದ್ದ ಮಾತದು.

ಬೇಡವೆಂದವರು, ಬಿಟ್ಟುಹೋದವರು

ಒಕ್ಕೂಟದ ಸಂವಿಧಾನವೆಂದು ಕರೆಯಲಾದ ಒಪ್ಪಂದವನ್ನು 2005ರಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸಿನ ಮತದಾರರು ತಿರಸ್ಕರಿಸಿದರು. ಸ್ಥಾಪಕ ರಾಷ್ಟ್ರಗಳೇ ಬೇಡವೆಂದದ್ದು ದೊಡ್ಡ ಪೆಟ್ಟು. ಅದರ ಬಹುಪಾಲು ಅಂಶಗಳು ಲಿಸ್ಬನ್ ಒಪ್ಪಂದವೆಂಬ ಹೆಸರಿನಲ್ಲಿ 2009ರಲ್ಲಿ ಜಾರಿಗೆ ಬಂದವು. 2016ರ ಜೂನ್ 23ರಂದು ಬ್ರಿಟನ್ನಿನ ಶೇಕಡಾ 51.9 ಮತದಾರರು ಹೊರನಡೆಯಲು ಬಯಸಿದರು. 2020ರ ಜನವರಿ 31ರಂದು ಆ ದೇಶ ಹೊರಬಿತ್ತು. ಹೊರಡುವ ಮಾತುಕತೆಯಲ್ಲಿ ಅತಿಹೆಚ್ಚು ಕಾಡಿದ್ದು ಲಂಡನ್ನಿನ ಬ್ಯಾಂಕುಗಳಲ್ಲ, ಐರ್ಲೆಂಡ್ ದ್ವೀಪದ ಮೇಲಿನ ಸುಮಾರು 500 ಕಿಲೋಮೀಟರಿನ ಗಡಿ. 1998ರ ಶಾಂತಿ ಒಪ್ಪಂದದ ನಂತರ ಅಲ್ಲಿ ಕಾವಲು ಗೋಪುರಗಳು ಹೋಗಿದ್ದವು, ಜನ ಗಡಿಯನ್ನು ಮರೆತಿದ್ದರು. ಅದು ಮತ್ತೆ ಏಳಬಾರದೆಂದು ತಪಾಸಣೆಯನ್ನು ಸಮುದ್ರಕ್ಕೆ, ಬ್ರಿಟನ್ ಮತ್ತು ಉತ್ತರ ಐರ್ಲೆಂಡ್‌ಗಳ ನಡುವೆ, ಸರಿಸಬೇಕಾಯಿತು.

ಇನ್ನೊಂದು ನಷ್ಟ ಸದ್ದಿಲ್ಲದೆ ಆದದ್ದು. ದುಡಿಯುವವರು ಎಲ್ಲಿಗೆ ಬೇಕಾದರೂ ಹೋಗಬಹುದೆಂದಾಗ ಪೂರ್ವದ ಯುವಕರು ಪಶ್ಚಿಮಕ್ಕೆ ಹೋದರು. 1989ರಲ್ಲಿ ಸುಮಾರು 90 ಲಕ್ಷ ಜನರಿದ್ದ ಬಲ್ಗೇರಿಯದಲ್ಲಿ 2021ರ ಜನಗಣತಿಗೆ ಸಿಕ್ಕವರು 65 ಲಕ್ಷ ಮಂದಿ. ಜನನ ಪ್ರಮಾಣದ ಇಳಿಕೆಯೂ ಕಾರಣ, ವಲಸೆ ಒಕ್ಕೂಟ ಸೇರುವ ಮೊದಲೇ ಆರಂಭವಾದದ್ದೂ ನಿಜ. ಆದರೂ ಮಕ್ಕಳಿಲ್ಲದೆ ಮುಚ್ಚಿದ ಹಳ್ಳಿ ಶಾಲೆಯ ಮುಂದೆ ನಿಂತವರಿಗೆ ಸಂಚಾರ ಸ್ವಾತಂತ್ರ್ಯದ ಅರ್ಥ ಬೇರೆಯೇ ಆಗಿ ಕಾಣುತ್ತದೆ.

ಭಾಷೆ ಮತ್ತು ಶಾಲೆ

ರೋಮ್ ಒಪ್ಪಂದದ ಸಮುದಾಯ ಹೊರಡಿಸಿದ ಮೊಟ್ಟಮೊದಲ ನಿಯಮ, 1958ರ ಒಂದನೆಯ ಸಂಖ್ಯೆಯ ನಿಯಮ, ಭಾಷೆಗಳನ್ನು ಕುರಿತದ್ದು. ಅಂದು ಅಧಿಕೃತ ಭಾಷೆಗಳು ನಾಲ್ಕು, ಇಂದು 24. ಪ್ರತಿ ಕಾನೂನೂ ಇಷ್ಟೂ ಭಾಷೆಗಳಲ್ಲಿ ಪ್ರಕಟವಾಗಬೇಕು. ಪ್ರಜೆ ಬರೆದ ಪತ್ರಕ್ಕೆ ಅದೇ ಭಾಷೆಯಲ್ಲಿ ಉತ್ತರ ಹೋಗಬೇಕು. ಐದಾರು ಲಕ್ಷ ಜನ ಆಡುವ ಮಾಲ್ಟೀಸ್ ಇಲ್ಲಿ ಜರ್ಮನ್ನಿಗೆ ಸಮಾನ. ಆದರೆ ಸುಮಾರು ಒಂದು ಕೋಟಿ ಜನರ ಕತಲಾನ್ ಭಾಷೆ ಪಟ್ಟಿಯಲ್ಲಿಲ್ಲ. ಮಾಲ್ಟೀಸ್‌ಗೆ ಒಂದು ರಾಷ್ಟ್ರವಿದೆ; ಕತಲಾನ್ ಸ್ಪೇನಿನ ಒಂದು ಭಾಗದ ಭಾಷೆ. 2023ರಲ್ಲಿ ಕತಲಾನ್, ಬಾಸ್ಕ್, ಗಲೀಷಿಯನ್ ಮೂರನ್ನೂ ಸೇರಿಸಬೇಕೆಂದು ಸ್ಪೇನ್ ಕೇಳಿಕೊಂಡಿತು. ಸರ್ವಾನುಮತ ಬೇಕು, ಕೆಲವು ರಾಷ್ಟ್ರಗಳು ಹಿಂಜರಿದವು. ಎಂಟನೆಯ ಅನುಸೂಚಿಯ ಬಾಗಿಲಲ್ಲಿ ಕಾದಿರುವ ತುಳುವಿನ ನೆನಪು ಕಾಸರಗೋಡಿನ ಓದುಗರಿಗೆ ಬಾರದಿರದು.

ಶಾಲೆಯ ವಿಷಯದಲ್ಲಿ ಒಕ್ಕೂಟದ ಕೈ ಇನ್ನೂ ಚಿಕ್ಕದು. ಪಠ್ಯವೇನು, ಕಲಿಕೆಯ ಮಾಧ್ಯಮವೇನು ಎಂಬುದು ಒಪ್ಪಂದಗಳ ಪ್ರಕಾರ ಸದಸ್ಯ ರಾಷ್ಟ್ರಗಳ ಹೊಣೆ. ಇದರ ಫಲ ಎರಡು ಬಗೆಯಾಗಿದೆ.

ಒಳ್ಳೆಯ ಫಲಕ್ಕೆ ಉತ್ತರ ಇಟಲಿಯ ದಕ್ಷಿಣ ತಿರೋಲ್ ಪ್ರಾಂತವನ್ನು ನೋಡಬೇಕು. ಜರ್ಮನ್ ಮಾತೃಭಾಷೆಯ ಈ ಪರ್ವತ ಪ್ರಾಂತ ಮೊದಲನೆಯ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಹೋಯಿತು. 1923ರಿಂದ ಮುಸೊಲಿನಿಯ ಸರ್ಕಾರ ಜರ್ಮನ್ ಮಾಧ್ಯಮದ ಶಾಲೆಗಳನ್ನೂ ಗೊರಿತ್ಸಿಯ ಕಡೆಯ ಸ್ಲೊವೀನ್ ಶಾಲೆಗಳನ್ನೂ ಒಂದೊಂದಾಗಿ ಮುಚ್ಚಿಸಿತು. ತಿರೋಲಿನಲ್ಲಿ ಊರ ಹೆಣ್ಣುಮಕ್ಕಳೂ ಪಾದ್ರಿಗಳೂ ಮನೆಗಳ ಒಳಕೋಣೆಗಳಲ್ಲಿ, ಅಟ್ಟಗಳಲ್ಲಿ ಗುಟ್ಟಾಗಿ ಜರ್ಮನ್ ಅಕ್ಷರ ಕಲಿಸಿದರು. ಸಿಕ್ಕಿಬಿದ್ದವರು ಶಿಕ್ಷೆ ಅನುಭವಿಸಿದರು. 1946ರ ಸೆಪ್ಟೆಂಬರ್ 5ರಂದು ದೆ ಗಾಸ್ಪೆರಿ ಮತ್ತು ಆಸ್ಟ್ರಿಯಾದ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ ಮಾತೃಭಾಷೆಯ ಶಿಕ್ಷಣಕ್ಕೆ ಭರವಸೆ ಕೊಡುವ ಒಪ್ಪಂದ ಮಾಡಿಕೊಂಡರು. ಭರವಸೆ ಕಾಗದದಲ್ಲಿ ಬಹುಕಾಲ ಉಳಿಯಿತು. ಆಸ್ಟ್ರಿಯಾ 1960ರಲ್ಲಿ ವಿಶ್ವಸಂಸ್ಥೆಯವರೆಗೆ ಹೋಯಿತು, ಮರುವರ್ಷ ಪ್ರಾಂತದಲ್ಲಿ ಬಾಂಬುಗಳು ಸಿಡಿದವು, ಕೊನೆಗೆ 1972ರಲ್ಲಿ ಪೂರ್ಣ ಸ್ವರೂಪದ ಸ್ವಾಯತ್ತೆ ದೊರೆಯಿತು. ಆ ಸ್ವಾಯತ್ತ ಶಾಸನದ 19ನೆಯ ವಿಧಿ ಹೇಳುವ ಒಂದು ಮಾತನ್ನು ನಾವು ತರಗತಿಯ ಗೋಡೆಗೆ ಅಂಟಿಸಿಡಬೇಕು: ಜರ್ಮನ್ ಮಾಧ್ಯಮದ ಶಾಲೆಯಲ್ಲಿ ಕಲಿಸುವವರ ಮಾತೃಭಾಷೆ ಜರ್ಮನ್ನೇ ಆಗಿರಬೇಕು, ಇಟಾಲಿಯನ್ ಮಾಧ್ಯಮದ ಶಾಲೆಯಲ್ಲಿ ಇಟಾಲಿಯನ್. ಮಕ್ಕಳ ಭಾಷೆ ತಿಳಿಯದ ಶಿಕ್ಷಕರು ನೇಮಕಾತಿ ಪತ್ರ ಹಿಡಿದು ಕನ್ನಡ ಮಾಧ್ಯಮದ ತರಗತಿಗೆ ಬಂದು ನಿಂತಾಗ ಮಕ್ಕಳು ಏನು ಕಳೆದುಕೊಳ್ಳುತ್ತಾರೆಂದು ಕಂಡವರು ನಾವು. ಆ ವಿಧಿಯ ಬೆಲೆ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಈ ಸ್ವಾಯತ್ತೆಯನ್ನು ಕೊಟ್ಟದ್ದು ಒಕ್ಕೂಟವಲ್ಲ. ಎರಡು ರಾಷ್ಟ್ರಗಳ ಒಪ್ಪಂದ, ದಶಕಗಳ ಹೋರಾಟ. ಆಸ್ಟ್ರಿಯಾ 1995ರಲ್ಲಿ ಒಕ್ಕೂಟ ಸೇರಿ, 1998ರ ಏಪ್ರಿಲಿನಲ್ಲಿ ಬ್ರೆನ್ನರ್ ಕಣಿವೆಯ ಗಡಿಗೇಟು ಎದ್ದುಹೋದಾಗ, ಆಚೆಯ ನೆಂಟರು ಹತ್ತಿರವಾದರು ಎಂಬಷ್ಟು ಮಾತ್ರ ಒಕ್ಕೂಟದ ಪಾಲು. ಅದು ಸಣ್ಣ ಪಾಲೇನೂ ಅಲ್ಲ. ಆಚೆಗೆ ಹೋಗಲು ಗಡಿಯನ್ನೇ ಸರಿಸಬೇಕೆಂಬ ಬೇಡಿಕೆಯ ಕಾವು ಇಳಿದದ್ದು ಅದರಿಂದ. ಗೊರಿತ್ಸಿಯದಲ್ಲಿಯೂ ಯುದ್ಧಾನಂತರ ಸ್ಲೊವೀನ್ ಶಾಲೆಗಳು ಮರಳಿದವು. ಈಗ ಇಟಾಲಿಯನ್ ಮನೆಮಾತಿನ ಕುಟುಂಬಗಳೂ ಅಲ್ಲಿಗೆ ಮಕ್ಕಳನ್ನು ಸೇರಿಸುವುದುಂಟು. ಗೆರೆಯಾಚೆಯ ಭಾಷೆ ಕಲಿತರೆ ಗೆರೆಯಾಚೆ ಕೆಲಸವುಂಟೆಂಬ ಲೆಕ್ಕಾಚಾರವೂ ಅದರಲ್ಲಿದೆ.

ಇನ್ನೊಂದು ಫಲಕ್ಕೆ ಫ್ರಾನ್ಸಿನ ಬ್ರಿಟನಿ ಪ್ರಾಂತ ಸಾಕ್ಷಿ. ಬ್ರೆಟನ್ ಭಾಷೆಗೆ ಹಿಂದೆ ನಿಲ್ಲುವ ರಾಷ್ಟ್ರವೊಂದಿಲ್ಲ. ಅಲ್ಲಿನ ಪೋಷಕರು 1977ರಿಂದ ದಿವಾನ್ ಎಂಬ ಹೆಸರಿನ ಬ್ರೆಟನ್ ಮಾಧ್ಯಮ ಶಾಲೆಗಳನ್ನು ತಾವೇ ಕಟ್ಟಿ ನಡೆಸುತ್ತಿದ್ದಾರೆ. 2021ರ ಏಪ್ರಿಲಿನಲ್ಲಿ ಫ್ರಾನ್ಸಿನ ಸಂಸತ್ತು ಪ್ರಾದೇಶಿಕ ಭಾಷಾ ಮಾಧ್ಯಮವನ್ನು ಸರ್ಕಾರಿ ಶಾಲೆಗಳಿಗೂ ತರುವ ಕಾನೂನನ್ನು ಅಂಗೀಕರಿಸಿತು. ಮೇ ತಿಂಗಳಲ್ಲಿ ಅಲ್ಲಿನ ಸಂವಿಧಾನ ಮಂಡಳಿ, ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ಸಂವಿಧಾನದ ಎರಡನೆಯ ವಿಧಿಯನ್ನು ಮುಂದಿಟ್ಟು, ಆ ಭಾಗವನ್ನು ರದ್ದುಪಡಿಸಿತು. ಬ್ರಸೆಲ್ಸ್ ಮಧ್ಯೆ ಬರಲಿಲ್ಲ. ಬರಲು ಅಧಿಕಾರವೂ ಇರಲಿಲ್ಲ. ಪ್ರಾದೇಶಿಕ ಹಾಗೂ ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದು ಎಂಬ 1992ರ ದಾಖಲೆಯೊಂದಿದೆ, ಆದರೆ ಅದು ಒಕ್ಕೂಟದ್ದಲ್ಲ, 46 ರಾಷ್ಟ್ರಗಳ ‘ಯುರೋಪ್ ಮಂಡಳಿ’ ಎಂಬ ಬೇರೊಂದು ಸಂಸ್ಥೆಯದು. ಫ್ರಾನ್ಸ್ ಅದಕ್ಕೆ ಸಹಿ ಹಾಕಿದೆ, ಸ್ಥಿರೀಕರಿಸಿಲ್ಲ. ಇಟಲಿಯದೂ ಅದೇ ನಿಲುವು.

ಒಕ್ಕೂಟವೇ ಈ ವಿಷಯದಲ್ಲಿ ಕಾನೂನು ಮಾಡಬೇಕೆಂದು ಅಲ್ಪಸಂಖ್ಯಾತ ಭಾಷಿಕರ ಸಂಘಗಳು ನಾಗರಿಕರ ಮನವಿಯೊಂದನ್ನು ಸಿದ್ಧಪಡಿಸಿ 11 ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಗ್ರಹಿಸಿದವು. ಈಗಿರುವ ನಿಯಮಗಳೇ ಸಾಕೆಂದು ಆಯೋಗ 2021ರ ಜನವರಿಯಲ್ಲಿ ಉತ್ತರಿಸಿತು; ಮರುವರ್ಷ ಒಕ್ಕೂಟದ ನ್ಯಾಯಾಲಯವೂ ಆಯೋಗದ ಪರ ತೀರ್ಪಿತ್ತಿತು. ವಿಚಿತ್ರವೆಂದರೆ, ಒಕ್ಕೂಟ ಸೇರಬಯಸುವ ರಾಷ್ಟ್ರಗಳು ಅಲ್ಪಸಂಖ್ಯಾತರನ್ನು ರಕ್ಷಿಸಬೇಕೆಂದು 1993ರ ಕೋಪನ್‌ಹೇಗನ್ ನಿಬಂಧನೆಗಳು ಸ್ಪಷ್ಟವಾಗಿ ಕೇಳುತ್ತವೆ. ಬಾಗಿಲಲ್ಲಿ ಕೇಳುವ ಪ್ರಶ್ನೆಯನ್ನು ಒಳಗೆ ಬಂದವರಿಗೆ ಕೇಳುವವರಿಲ್ಲ.

ಬಾಗಿಲಲ್ಲಿ ಈಗ ನಿಂತಿರುವುದು ಉಕ್ರೇನ್. ಅದರ ಪಶ್ಚಿಮ ಅಂಚಿನ ಟ್ರಾನ್ಸ್‌ಕಾರ್ಪೇಥಿಯ ಪ್ರಾಂತದಲ್ಲಿ 2001ರ ಜನಗಣತಿಯಂತೆ ಸುಮಾರು ಒಂದೂವರೆ ಲಕ್ಷ ಹಂಗೇರಿಯನ್ ಭಾಷಿಕರಿದ್ದರು. 2017ರ ಉಕ್ರೇನಿನ ಶಿಕ್ಷಣ ಕಾಯಿದೆ ಪ್ರಾಥಮಿಕ ಹಂತದ ನಂತರ ಅಲ್ಪಸಂಖ್ಯಾತ ಭಾಷಾ ಮಾಧ್ಯಮವನ್ನು ಬಹುವಾಗಿ ಮೊಟಕುಗೊಳಿಸಿತು. ಹಂಗೆರಿ ಸರ್ಕಾರ ಅದನ್ನು ವಿರೋಧಿಸಿತು, ಉಕ್ರೇನಿನ ಮಾತುಕತೆಗಳಿಗೆ ಅಡ್ಡಿಯೊಡ್ಡಲು ಸರ್ವಾನುಮತದ ನಿಯಮವನ್ನು ಬಳಸಿಕೊಂಡಿತು. ಅದರ ಹಿಂದೆ ಮಕ್ಕಳ ಕಾಳಜಿಯಷ್ಟೇ ಇತ್ತೆಂದು ನಂಬಲು ನಮಗೆ ಕಷ್ಟ. ಕೊನೆಗೆ 2023ರ ಡಿಸೆಂಬರಿನಲ್ಲಿ ಉಕ್ರೇನ್ ಕಾಯಿದೆಯನ್ನು ತಿದ್ದಿತು. ಉಕ್ರೇನಿಯನ್ ಭಾಷೆ, ಸಾಹಿತ್ಯ, ಇತಿಹಾಸ ಮತ್ತು ರಕ್ಷಣಾ ಪಾಠಗಳನ್ನು ಬಿಟ್ಟು ಉಳಿದ ವಿಷಯಗಳನ್ನು ಹಂಗೇರಿಯನ್ ಭಾಷೆಯಲ್ಲಿ ಕಲಿಯುವ ಹಾದಿ ತೆರೆಯಿತು. ಆ ತಿದ್ದುಪಡಿಯ ಮಾತುಗಳನ್ನು ನಿಧಾನವಾಗಿ ಓದಬೇಕು. ಅದು ಈ ಅವಕಾಶವನ್ನು ಕೊಡುವುದು ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಾಗಿರುವ ಅಲ್ಪಸಂಖ್ಯಾತ ಭಾಷೆಗಳಿಗೆ. ಹಂಗೇರಿಯನ್, ರೊಮೇನಿಯನ್, ಪೋಲಿಷ್ ಆ ಪಟ್ಟಿಯಲ್ಲಿವೆ. ಅದೇ ಟ್ರಾನ್ಸ್‌ಕಾರ್ಪೇಥಿಯದ ಬೆಟ್ಟಗಳಲ್ಲಿ ಆಡುವ ರುಸಿನ್, ತನ್ನದೆನ್ನುವ ರಾಷ್ಟ್ರ ಎಲ್ಲಿಯೂ ಇಲ್ಲದ ಕಾರಣ, ಅದರಲ್ಲಿಲ್ಲ.